ಖಾಲಿ ಪುಟ ನೋಡಿ ವರ್ಡ್ ಪ್ರೊಸೆಸರ್ ಆರಿಸಬೇಡಿ

ಒಂದು ಯಂತ್ರದ ಕೈಪಿಡಿ ಸಿದ್ಧ ಮಾಡುತ್ತಿದ್ದೆ. 340 ಪುಟ, 112 ಚಿತ್ರ. ಬರೆದವರು ಮೂರು ಜನ, ಎಲ್ಲವನ್ನೂ ಒಟ್ಟು ಮಾಡುವ ಕೆಲಸ ನನ್ನದು. ಪ್ರಿಂಟಿಗೆ ಕೊಡಲು ಎರಡು ದಿನ ಇರುವಾಗ ಮೇಲ್ ಬಂತು: ಮೂರನೇ ಅಧ್ಯಾಯದಲ್ಲಿ ಚಿತ್ರ 27 ಆದ ಮೇಲೆ ಒಂದು ಚಿತ್ರ ಬಿಟ್ಟುಹೋಗಿದೆ, ಸೇರಿಸಿಬಿಡಿ. ಒಂದೇ ಚಿತ್ರ ತಾನೇ ಅಂದುಕೊಂಡೆ. ಆದರೆ ಚಿತ್ರಗಳ ನಂಬರುಗಳನ್ನೆಲ್ಲ ನಾವು ಕೈಯಲ್ಲೇ ಟೈಪ್ ಮಾಡಿದ್ದೆವು. 28 ಈಗ 29 ಆಗಬೇಕು, 29 ಹೋಗಿ 30 ಆಗಬೇಕು, ಹೀಗೆ 112ರ ತನಕ. ಮುಂದಿನಿಂದ ಬದಲಾಯಿಸಿದರೆ ಎಲ್ಲ ಕಲಸಿಹೋಗುತ್ತದೆ ಅಂತ ಹಿಂದಿನಿಂದ ಶುರು ಮಾಡಿದೆ. ಮೊದಲು 112 ಅನ್ನು 113 ಮಾಡುವುದು, ಆಮೇಲೆ 111 ಅನ್ನು 112 ಮಾಡುವುದು.

ಚಿತ್ರದ ಕೆಳಗಿನ ನಂಬರು ಸುಲಭವಾಗಿ ಸಿಕ್ಕಿತು. ಕಷ್ಟ ಇದ್ದದ್ದು ಒಳಗಿನ ಸಾಲುಗಳಲ್ಲಿ. ಒಬ್ಬರು "ಚಿತ್ರ 31 ನೋಡಿ" ಅಂತ ಬರೆದಿದ್ದರು, ಇನ್ನೊಬ್ಬರು "31ನೇ ಚಿತ್ರದಲ್ಲಿ ತೋರಿಸಿದಂತೆ" ಅಂದಿದ್ದರು, ಮೂರನೆಯವರು "ಚಿತ್ರ 31 ಮತ್ತು 32" ಅಂತ ಹಾಕಿದ್ದರು, ಅಲ್ಲಿ 32ರ ಹಿಂದೆ ಚಿತ್ರ ಅನ್ನುವ ಪದವೇ ಇಲ್ಲ, ಹಾಗಾಗಿ ಹುಡುಕಿದರೆ ಸಿಗುವುದೂ ಇಲ್ಲ. ರಾತ್ರಿ ಎರಡು ಗಂಟೆಗೆ ಮುಗಿಯಿತು. ಮುಗಿಯಿತು ಅಂದುಕೊಂಡೆ, ಅಷ್ಟೇ. ಪುಸ್ತಕ ಪ್ರಿಂಟ್ ಆಗಿ ಬಂದ ಮೇಲೆ ನೋಡಿದರೆ ಒಂದು ಕಡೆ "ವಾಲ್ವ್ ಬಿಚ್ಚುವ ಮೊದಲು ಚಿತ್ರ 64 ನೋಡಿ" ಅಂತ ಹಾಗೇ ಉಳಿದಿತ್ತು. 64ನೇ ಚಿತ್ರದಲ್ಲಿ ಈಗ ಇದ್ದದ್ದು ಫಿಲ್ಟರ್.

ನನಗೆ ಹೆಚ್ಚು ನೋವಾಗಿದ್ದು ಆಮೇಲೆ. ನಾವು ಬಳಸುತ್ತಿದ್ದ ಪ್ರೋಗ್ರಾಂಗೆ ಚಿತ್ರಗಳಿಗೆ ತಾನೇ ನಂಬರ್ ಕೊಡುವುದು ಗೊತ್ತಿತ್ತು. ಆ ನಂಬರಿಗೆ ಒಳಗಿನ ಸಾಲಿನಿಂದ ಕೊಂಡಿ ಹಾಕುವುದೂ ಗೊತ್ತಿತ್ತು. ನಾವು ಯಾರೂ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅವತ್ತಿನಿಂದ ಯಾರಾದರೂ "ದೊಡ್ಡ ಕೆಲಸಕ್ಕೆ ಯಾವ ವರ್ಡ್ ಪ್ರೊಸೆಸರ್ ಒಳ್ಳೇದು?" ಅಂತ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ: ನಿಮ್ಮ ಹತ್ತಿರ ಇರುವ ಅತಿ ದೊಡ್ಡ, ಅತಿ ಗೋಜಲಿನ ಫೈಲ್ ಯಾವುದು?

ಯಾಕೆ ಅಂದರೆ ಖಾಲಿ ಪುಟದಲ್ಲಿ ಎಲ್ಲವೂ ಒಳ್ಳೆಯವೇ. ಹೊಸ ಪ್ರೋಗ್ರಾಂ ತೆರೆಯುತ್ತೀರಿ, ನಾಲ್ಕು ಸಾಲು ಟೈಪ್ ಮಾಡುತ್ತೀರಿ, ಪರದೆ ಚೆನ್ನಾಗಿದೆ, ಬಟನ್‌ಗಳು ಚೆನ್ನಾಗಿವೆ, ಕಪ್ಪು ಹಿನ್ನೆಲೆ ಬೇಕಾದರೆ ಅದೂ ಇದೆ. ಮೊದಲ ಹತ್ತು ಪುಟ ಏನನ್ನೂ ಹೇಳುವುದಿಲ್ಲ. ಬಣ್ಣ ಗೊತ್ತಾಗುವುದು ನೂರೈವತ್ತನೇ ಪುಟದಲ್ಲಿ, ಅಡಿಟಿಪ್ಪಣಿಗಳು ಇನ್ನೂರು ದಾಟಿದಾಗ, ಟೇಬಲ್ ಒಂದು ಪುಟದಿಂದ ಇನ್ನೊಂದಕ್ಕೆ ಹರಿದಾಗ, ಏಳನೇ ಅಧ್ಯಾಯ ನಾಲ್ಕಕ್ಕಿಂತ ಮೊದಲು ಬರಬೇಕು ಅಂತ ಯಾರೋ ಹೇಳಿದಾಗ.

ಹಾಗಾಗಿ ನನ್ನ ಪರೀಕ್ಷೆ ಹೀಗೆ. ಹಳೆಯ ದೊಡ್ಡ ಫೈಲಿನ ಒಂದು ಕಾಪಿ ಮಾಡಿ ಅದನ್ನು ಹೊಸ ಪ್ರೋಗ್ರಾಂನಲ್ಲಿ ತೆರೆಯುತ್ತೇನೆ. ಕೊನೆಯ ಪುಟಕ್ಕೆ ಹಾರುತ್ತೇನೆ. ಮಧ್ಯಕ್ಕೆ ಬಂದು ಒಂದು ಸಾಲು ಟೈಪ್ ಮಾಡುತ್ತೇನೆ, ಅಕ್ಷರ ಬೆರಳಿನ ಜೊತೆಗೇ ಬರುತ್ತಾ ಇಲ್ಲ ಹಿಂದೆ ಬೀಳುತ್ತಾ ನೋಡುತ್ತೇನೆ. ಒಂದು ಇಡೀ ಅಧ್ಯಾಯವನ್ನು ಎತ್ತಿ ಬೇರೆ ಕಡೆ ಇಟ್ಟು ಅಡಿಟಿಪ್ಪಣಿಗಳೂ ಚಿತ್ರದ ನಂಬರುಗಳೂ ಅದರ ಜೊತೆ ಸರಿಯಾಗಿ ಬಂದವಾ ನೋಡುತ್ತೇನೆ. ಆಮೇಲೆ ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯುತ್ತೇನೆ. ಒಂದು ಗಂಟೆ ಸಾಕು. ಎಷ್ಟು ವಿಮರ್ಶೆ ಓದಿದರೂ ಇಷ್ಟು ಗೊತ್ತಾಗುವುದಿಲ್ಲ.

ಆದರೆ ಈ ಪರೀಕ್ಷೆ ಮಾಡಬೇಕು ಅಂದರೆ ನಿಮ್ಮ ಫೈಲಿನಲ್ಲಿ ಸ್ಟೈಲ್‌ಗಳು ಇರಬೇಕು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಎಲ್ಲ ಇರುವುದು ಇಲ್ಲೇ.

ನಮ್ಮಲ್ಲಿ ಹೆಚ್ಚಿನವರು ಅಧ್ಯಾಯದ ಹೆಸರು ಬರೆದು, ಅದನ್ನು ಸೆಲೆಕ್ಟ್ ಮಾಡಿ, ಬೋಲ್ಡ್ ಒತ್ತಿ, ಸೈಜ್ 18 ಮಾಡುತ್ತೇವೆ. ಕಣ್ಣಿಗೆ ಅದು ತಲೆಬರಹ. ಪ್ರೋಗ್ರಾಂಗೆ ಮಾತ್ರ ಅದು ಸುಮ್ನೆ ದಪ್ಪ ಅಕ್ಷರದ ಒಂದು ಸಾಲು. ಅದರಿಂದ ಪರಿವಿಡಿ ಮಾಡಲು ಬರುವುದಿಲ್ಲ, ಪಕ್ಕದ ನ್ಯಾವಿಗೇಶನ್ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಅಧ್ಯಾಯವನ್ನು ಎತ್ತಿಡಲು ಹಿಡಿಕೆಯೇ ಇಲ್ಲ. ಅದೇ ಸಾಲಿಗೆ ಹೆಡಿಂಗ್ 1 ಸ್ಟೈಲ್ ಕೊಟ್ಟರೆ ನೀವು ಪ್ರೋಗ್ರಾಂಗೆ "ಇದು ಅಧ್ಯಾಯದ ಹೆಸರು" ಅಂತ ಹೇಳಿದ ಹಾಗೆ. ಅದು ಹೇಗೆ ಕಾಣಬೇಕು ಅನ್ನುವುದನ್ನು ಒಂದೇ ಕಡೆ ತೀರ್ಮಾನ ಮಾಡಬಹುದು, ಮೂವತ್ತು ಅಧ್ಯಾಯಗಳ ತಲೆಬರಹಗಳೂ ಒಟ್ಟಿಗೆ ಬದಲಾಗುತ್ತವೆ. ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್ ಮತ್ತು 1 ಒಟ್ಟಿಗೆ ಒತ್ತಿದರೆ ಸಾಕು. ಲಿಬ್ರೆಆಫೀಸ್ ರೈಟರ್‌ನಲ್ಲಿ ಕಂಟ್ರೋಲ್ ಮತ್ತು 1. ಬೋಲ್ಡ್ ಒತ್ತುವುದಕ್ಕಿಂತ ಇದೇ ಬೇಗ ಆಗುತ್ತದೆ ಅಲ್ವಾ?

ಹಾಗಾಗಿ ಶಕ್ತಿಯುತ ವರ್ಡ್ ಪ್ರೊಸೆಸರ್ ಅಂದರೆ ನನ್ನ ಲೆಕ್ಕದಲ್ಲಿ ಸ್ಟೈಲ್‌ಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಪ್ರೋಗ್ರಾಂ. ಮತ್ತೆ ಏನಾದರೂ ಎಡವಟ್ಟಾದಾಗ ಒಳಗೆ ಏನಿದೆ ಅಂತ ತೋರಿಸುವ ಪ್ರೋಗ್ರಾಂ. ವರ್ಡ್‌ಪರ್ಫೆಕ್ಟ್ ಅನ್ನುವ ಹಳೆಯ ವರ್ಡ್ ಪ್ರೊಸೆಸರ್ ಬಳಸಿದ ಹಿರಿಯರು ಇವತ್ತಿಗೂ ಅದರ ರಿವೀಲ್ ಕೋಡ್ಸ್ ಅನ್ನು ನೆನೆಯುವುದು ಇದಕ್ಕೇ. 1989ರಲ್ಲಿ ಬಂದ ಅದರ 5.1 ಆವೃತ್ತಿಯಲ್ಲಿ ಒಂದು ಕೀ ಒತ್ತಿದರೆ ಪರದೆಯ ಕೆಳಭಾಗದಲ್ಲಿ ಬೋಲ್ಡ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅನ್ನುವುದೆಲ್ಲ ಬಿಚ್ಚಿ ಕಾಣುತ್ತಿತ್ತು. ವರ್ಡ್‌ನಲ್ಲಿ ಅಂಥದ್ದೇ ಅಲ್ಲದಿದ್ದರೂ ಶಿಫ್ಟ್ ಮತ್ತು ಎಫ್1 ಒತ್ತಿದರೆ ಆ ಜಾಗದ ಫಾರ್ಮ್ಯಾಟಿಂಗ್ ಪೂರ್ತಿ ತೋರಿಸುತ್ತದೆ. ಲಿಬ್ರೆಆಫೀಸ್‌ನ ಈಚಿನ ಆವೃತ್ತಿಗಳಲ್ಲಿ ಸ್ಟೈಲ್ ಇನ್‌ಸ್ಪೆಕ್ಟರ್ ಇದೆ. ಒಂದು ಸಾಲಿಗೆ ಯಾವುದು ಸ್ಟೈಲಿನಿಂದ ಬಂದದ್ದು, ಯಾವುದು ಕೈಯಿಂದ ಹಾಕಿದ್ದು ಅಂತ ಬೇರೆ ಬೇರೆಯಾಗಿ ತೋರಿಸುತ್ತದೆ. ನಾಲ್ಕು ಜನರ ಕೈ ಬದಲಾಯಿಸಿದ ಫೈಲನ್ನು ಸ್ವಚ್ಛ ಮಾಡುವಾಗ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಯಾವುದು ಯಾವುದಕ್ಕೆ ಅನ್ನುವುದು. ನಾನು ಬಳಸಿರುವುದರ ಬಗ್ಗೆ ಮಾತ್ರ ಹೇಳುತ್ತೇನೆ.

ಮೈಕ್ರೋಸಾಫ್ಟ್ ವರ್ಡ್ 1983ರಿಂದ ಇದೆ, ಪೂರ್ತಿ ಆವೃತ್ತಿ ಬೇಕಾದರೆ ದುಡ್ಡು ಕೊಡಬೇಕು. ತಿದ್ದುಪಡಿ ನಡೆಯುವ ಕೆಲಸಕ್ಕೆ ನಾನು ಇವತ್ತಿಗೂ ಮೊದಲು ಕೈ ಹಾಕುವುದು ಅದಕ್ಕೇ. ಟ್ರ್ಯಾಕ್ ಚೇಂಜಸ್ ಹಾಕಿಟ್ಟರೆ ಯಾರು ಯಾವ ಪದ ತೆಗೆದರು, ಯಾವುದು ಸೇರಿಸಿದರು ಅನ್ನುವುದು ಹೆಸರಿನ ಜೊತೆ ಕಾಣುತ್ತದೆ. ಒಮ್ಮೆ ಲೇಖಕರೊಬ್ಬರು ಅದನ್ನು ಆಫ್ ಮಾಡಿ ಎರಡು ಅಧ್ಯಾಯ ತಿದ್ದಿ ಕಳಿಸಿದ್ದರು, ಏನು ಬದಲಾಗಿದೆ ಅಂತ ಅವರಿಗೂ ನೆನಪಿರಲಿಲ್ಲ. ಹಳೆಯದು ಹೊಸದು ಎರಡನ್ನೂ ಕೊಟ್ಟು ಕಂಪೇರ್ ಒತ್ತಿದೆ, ಎಲ್ಲ ಬದಲಾವಣೆಗಳೂ ಟ್ರ್ಯಾಕ್ ಮಾಡಿದ ಹಾಗೆಯೇ ಎದುರಿಗೆ ಬಂದವು. ಲಿಬ್ರೆಆಫೀಸ್‌ನಲ್ಲೂ ಹೋಲಿಸುವ ಸೌಲಭ್ಯ ಇದೆ, ಆದರೆ ವರ್ಡ್‌ನದ್ದು ಓದಲು ಸುಲಭ ಅಂತ ನನ್ನ ಅನಿಸಿಕೆ. ವರ್ಡ್‌ನಲ್ಲಿ ನೆನಪಿಡಬೇಕಾದ ಒಂದು ವಿಷಯ ಅಂದರೆ ಕ್ರಾಸ್ ರೆಫರೆನ್ಸ್ ನಂಬರುಗಳು, ಅಂದರೆ ಒಳಗಿನ ಸಾಲಿನಿಂದ ಚಿತ್ರಕ್ಕೆ ಕೊಂಡಿ ಹಾಕಿದ ನಂಬರುಗಳು, ಚಿತ್ರ ಸೇರಿಸಿದ ಕ್ಷಣವೇ ಬದಲಾಗುವುದಿಲ್ಲ. ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲ ಸೆಲೆಕ್ಟ್ ಮಾಡಿ ಎಫ್9 ಒತ್ತಬೇಕು. ಯಾರಿಗೇ ಫೈಲ್ ಕಳಿಸುವ ಮೊದಲೂ ಇದೊಂದು ಮಾಡಿ.

ಲಿಬ್ರೆಆಫೀಸ್ ರೈಟರ್ ಬಗ್ಗೆ "ಪುಕ್ಕಟೆ ಸಿಗುವ ವರ್ಡ್" ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಆ ಮಾತು ಬೇಸರ ತರಿಸುತ್ತದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಬೇರೆಯಾಗಿ ಬಂದದ್ದು ಅದು. ಪುಸ್ತಕದ ವಿನ್ಯಾಸದ ವಿಷಯದಲ್ಲಿ ಅದರ ಯೋಚನೆಯೇ ಬೇರೆ. ಅದರಲ್ಲಿ ಪುಟಕ್ಕೂ ಸ್ಟೈಲ್ ಇದೆ. ಅಧ್ಯಾಯದ ಮೊದಲ ಪುಟಕ್ಕೆ ಒಂದು, ಎಡಪುಟಕ್ಕೆ ಒಂದು, ಬಲಪುಟಕ್ಕೆ ಒಂದು, ಅಡ್ಡ ಟೇಬಲ್ ಬರುವ ಪುಟಕ್ಕೆ ಇನ್ನೊಂದು. ಮೊದಲ ಪುಟ ಆದ ಮೇಲೆ ಎಡಪುಟ ಬರಬೇಕು, ಅದಾದ ಮೇಲೆ ಬಲಪುಟ ಅಂತ ಒಮ್ಮೆ ಹೇಳಿಟ್ಟರೆ ಆಯಿತು, ಮುಂದೆ ತಾನೇ ನೋಡಿಕೊಳ್ಳುತ್ತದೆ. ಇದನ್ನೇ ವರ್ಡ್‌ನಲ್ಲಿ ಫೈಲನ್ನು ಭಾಗ ಮಾಡುವ ಸೆಕ್ಷನ್ ಬ್ರೇಕ್ ಹಾಕಿ, ಹೆಡರಿನಲ್ಲಿ ಹಿಂದಿನದರ ಕೊಂಡಿ ಬಿಡಿಸಿ ಮಾಡಬೇಕು. ಆಗುತ್ತದೆ, ಆದರೆ ಒಂದು ಬ್ರೇಕ್ ಅಳಿಸಿಹೋದರೆ ಅದರ ಮೇಲಿನ ಭಾಗವೆಲ್ಲ ಕೆಳಗಿನದರ ರೂಪ ತಾಳಿಬಿಡುತ್ತದೆ. ಇನ್ನು ರೈಟರ್‌ನಲ್ಲಿ ಎಫ್5 ಒತ್ತಿದರೆ ಬರುವ ನ್ಯಾವಿಗೇಟರ್, ತಲೆಬರಹ, ಟೇಬಲ್, ಚಿತ್ರ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತದೆ. ದೊಡ್ಡ ಫೈಲಿನಲ್ಲಿ ಅದು ಇಲ್ಲದೆ ನಾನು ಕೆಲಸ ಮಾಡಲಾರೆ.

ಗೂಗಲ್ ಡಾಕ್ಸ್ ನಾಲ್ಕು ಜನ ಒಂದೇ ಹೊತ್ತಿಗೆ ಕೂತು ಬರೆಯುವಾಗ ಚೆನ್ನ. ಮೊದಲ ಕರಡು ಅಲ್ಲೇ ಮಾಡುವುದು ನನಗೂ ಇಷ್ಟ, ಹಳೆಯ ಆವೃತ್ತಿಗೆ ಹಿಂದಿರುಗುವುದು ಅಷ್ಟು ಸುಲಭ ಬೇರೆಲ್ಲೂ ಇಲ್ಲ. ಆದರೆ ಒಂದು ಡಾಕ್ಯುಮೆಂಟಿಗೆ 10.2 ಲಕ್ಷ ಅಕ್ಷರಗಳ ಮಿತಿ ಇದೆ, ಮತ್ತೆ ಚಿತ್ರಗಳಿಗೆ ತಾನೇ ನಂಬರ್ ಕೊಟ್ಟು ಅದಕ್ಕೆ ಕೊಂಡಿ ಹಾಕುವ ಕೆಲಸ ಆಡ್-ಆನ್, ಅಂದರೆ ಹೊರಗಿನಿಂದ ಸೇರಿಸುವ ಸಣ್ಣ ಪ್ರೋಗ್ರಾಂ, ಇಲ್ಲದೆ ಆಗುವುದಿಲ್ಲ. 112 ಚಿತ್ರಗಳ ಪುಸ್ತಕ ಅಲ್ಲಿ ಬೇಡ.

ಕಾದಂಬರಿ ಬರೆಯುವವರು ಸ್ಕ್ರಿವನರ್ ನೋಡಬಹುದು, ದೃಶ್ಯಗಳನ್ನು ಬಿಡಿಬಿಡಿಯಾಗಿ ಬರೆದು ಹಿಂದೆ ಮುಂದೆ ಮಾಡಿ ಕೊನೆಗೆ ಒಟ್ಟು ಮಾಡಿಕೊಡುತ್ತದೆ. ಗಣಿತದ ಸಮೀಕರಣಗಳೇ ಜಾಸ್ತಿ ಇದ್ದರೆ ಪುಟದ ರೂಪವನ್ನು ಆಜ್ಞೆಗಳಲ್ಲಿ ಬರೆದು ತಿಳಿಸುವ ಲೇಟೆಕ್ ಕಲಿಯಿರಿ, ಮೊದಲ ತಿಂಗಳು ಕಷ್ಟ, ಆಮೇಲೆ ಬಿಡಲು ಮನಸ್ಸಾಗುವುದಿಲ್ಲ. ಪ್ರಬಂಧಕ್ಕೆ ಗ್ರಂಥಸೂಚಿ ಬೇಕಿದ್ದರೆ ಯಾವ ಪ್ರೋಗ್ರಾಂ ಆರಿಸಿದರೂ ಜೊತೆಗೆ ಪುಸ್ತಕಗಳ ವಿವರ ಇಟ್ಟುಕೊಂಡು ಸೂಚಿ ಮಾಡಿಕೊಡುವ ಜೊಟೆರೋ ಹಾಕಿಕೊಳ್ಳಿ. ವರ್ಡ್, ರೈಟರ್, ಗೂಗಲ್ ಡಾಕ್ಸ್ ಮೂರಕ್ಕೂ ಅದು ಹೊಂದುತ್ತದೆ.

ಕನ್ನಡದಲ್ಲಿ ದೊಡ್ಡ ಕೆಲಸ ಮಾಡುವವರು ಇನ್ನೂ ಕೆಲವನ್ನು ಪರೀಕ್ಷೆ ಮಾಡಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಇದ್ದರೆ ಮೊದಲು ಎಲ್ಲ ಕಂಪ್ಯೂಟರುಗಳೂ ಕನ್ನಡ ಅಂತಲೇ ಗುರುತಿಸುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಆ ಫೈಲಿನಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಬೇರೆ ಅಕ್ಷರಗಳು, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ರೈಟರ್‌ನಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಫಾಂಟ್ ಬೇರೆ ಬೇರೆ ಇಟ್ಟಿರುತ್ತಾರೆ, ಸೆಟ್ಟಿಂಗ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿದರೆ ಮಾತ್ರ ಎರಡನೆಯದು ಕಾಣುತ್ತದೆ. ಸ್ಟೈಲಿನಲ್ಲಿ ಸೈಜ್ ಬದಲಾಯಿಸಿದೆ, ಕನ್ನಡ ಮಾತ್ರ ಹಾಗೇ ಇದೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಕಾರಣ ಹೆಚ್ಚಾಗಿ ಇದೇ.

ಇನ್ನೊಂದು ನನಗೆ ತುಂಬಾ ಇಷ್ಟವಾದ ವಿಷಯ. ಕ್ರಾಸ್ ರೆಫರೆನ್ಸ್ ಹಾಕಿದಾಗ ಪ್ರೋಗ್ರಾಂ ಕೊಡುವುದು ಬರೀ ನಂಬರನ್ನು. ನಮಗೆ ಬೇಕಾದದ್ದು "ಚಿತ್ರ 31ರಲ್ಲಿ", "ಚಿತ್ರ 31ರ ಎಡಭಾಗ". ಆ ವಿಭಕ್ತಿಯನ್ನು ನಂಬರಿನ ಒಳಗೆ ಟೈಪ್ ಮಾಡಿದರೆ ಎಫ್9 ಒತ್ತಿದ ಕೂಡಲೇ ಅಳಿಸಿಹೋಗುತ್ತದೆ. ಕರ್ಸರ್ ಅನ್ನು ಬಾಣದ ಕೀಯಿಂದ ನಂಬರಿನ ಆಚೆ ತಂದು, ಜಾಗ ಬಿಡದೆ "ರಲ್ಲಿ" ಅಂತ ಟೈಪ್ ಮಾಡಿ. ಆಮೇಲೆ 31 ಹೋಗಿ 32 ಆಗಲಿ 140 ಆಗಲಿ, ವಿಭಕ್ತಿ ಅಲ್ಲೇ ಅಂಟಿಕೊಂಡಿರುತ್ತದೆ. "ರಲ್ಲಿ" ಎಲ್ಲ ನಂಬರಿಗೂ ಒಗ್ಗುವುದರಿಂದ ಸಾಲು ಎಲ್ಲೂ ಕೆಡುವುದಿಲ್ಲ. ಕೊನೆಗೆ ಪಿಡಿಎಫ್ ಮಾಡಿ, ಅದರಿಂದ ಒತ್ತಕ್ಷರ ಇರುವ ಒಂದು ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಪುಟದಲ್ಲಿ ಚೆನ್ನಾಗಿ ಕಂಡ ಸಾಲು ಅಲ್ಲಿ ಚೂರುಚೂರಾಗಿ ಬಂದರೆ ಆ ಪಿಡಿಎಫ್‌ನಲ್ಲಿ ಓದುಗರಿಗೆ ಹುಡುಕಲು ಆಗುವುದಿಲ್ಲ.

ಫೈಲಿನ ರೂಪದ ಬಗ್ಗೆ ಹೇಳದೆ ಮುಗಿಸಲಾರೆ, ಯಾಕೆಂದರೆ ಅದು ನನ್ನನ್ನು ಒಮ್ಮೆ ಉಳಿಸಿದೆ. ಸೇವ್ ಆಗುತ್ತಿರುವಾಗ ಕರೆಂಟ್ ಹೋಗಿ ವರ್ಡ್‌ನ ಒಂದು ಡಾಕ್ಎಕ್ಸ್ ಫೈಲ್ ಕೆಟ್ಟಿತು. ತೆರೆಯಲು ಹೋದರೆ ಆಗುವುದಿಲ್ಲ ಅಂತ ಬಂತು. ಆರು ವಾರದ ಕೆಲಸ, ಬ್ಯಾಕಪ್ ಹನ್ನೆರಡು ದಿನ ಹಳೆಯದು. ಕೈ ನಡುಗುತ್ತಿತ್ತು. ಡಾಕ್ಎಕ್ಸ್ ಅಂದರೆ ನಿಜವಾಗಿ ಒಂದು ಜಿಪ್ ಕಟ್ಟು, 2007ರ ಆಫೀಸ್‌ನಿಂದ ಹಾಗೆ. ಫೈಲಿನ ಕಾಪಿ ಮಾಡಿ, ಹೆಸರಿನ ಕೊನೆಯ ಡಾಕ್ಎಕ್ಸ್ ತೆಗೆದು ಜಿಪ್ ಅಂತ ಹಾಕಿದೆ. ಕಟ್ಟು ಬಿಚ್ಚಿತು. ಒಳಗೆ ವರ್ಡ್ ಅನ್ನುವ ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ ಅನ್ನುವ ಎಕ್ಸ್‌ಎಂಎಲ್ ಫೈಲ್. ಸಾದಾ ಎಡಿಟರ್‌ನಲ್ಲಿ ತೆರೆದರೆ ಕೋನದ ಆವರಣಗಳ ಕಾಡು, ಅದರ ನಡುನಡುವೆ ನನ್ನ ವಾಕ್ಯಗಳು. ಪಕ್ಕದ ಮೀಡಿಯಾ ಫೋಲ್ಡರ್‌ನಲ್ಲಿ ಚಿತ್ರಗಳೆಲ್ಲ ಹಾಗೇ ಇದ್ದವು. ಟ್ಯಾಗ್‌ಗಳನ್ನು ಅಳಿಸಿ ಬರಹ ಹೊರಗೆ ತೆಗೆಯಲು ಒಂದು ಮಧ್ಯಾಹ್ನ ಹಿಡಿಯಿತು. ಫಾರ್ಮ್ಯಾಟಿಂಗ್ ಹೋಯಿತು, ಮಾತು ಉಳಿಯಿತು. ರೈಟರ್‌ನ ಓಡಿಟಿ ಫೈಲ್ ಕೂಡ ಹೀಗೇ ಜಿಪ್ ಕಟ್ಟು, ಅದರಲ್ಲಿ ಬರಹ ಇರುವುದು ಕಂಟೆಂಟ್ ಅನ್ನುವ ಎಕ್ಸ್‌ಎಂಎಲ್‌ನಲ್ಲಿ. ಓಡಿಟಿಯ ರೂಪವಾದ ಓಡಿಎಫ್ 2006ರಲ್ಲಿ, ಡಾಕ್ಎಕ್ಸ್‌ನ ರೂಪ 2008ರಲ್ಲಿ ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕ ಆದವು. ತನ್ನದೇ ಗುಟ್ಟಿನ ರೂಪದಲ್ಲಿ ಮಾತ್ರ ಸೇವ್ ಮಾಡುವ ಪ್ರೋಗ್ರಾಂ ಎಷ್ಟೇ ಚೆಂದ ಇದ್ದರೂ ನಾನು ದೊಡ್ಡ ಕೆಲಸವನ್ನು ಅದರಲ್ಲಿ ಇಡುವುದಿಲ್ಲ. ಅಂದ ಹಾಗೆ ಇದನ್ನೆಲ್ಲ ಓದಿ ಬ್ಯಾಕಪ್ ಬೇಡ ಅಂದುಕೊಳ್ಳಬೇಡಿ, ವರ್ಡ್‌ನಲ್ಲೂ ರೈಟರ್‌ನಲ್ಲೂ ಪ್ರತಿ ಸಲ ಬ್ಯಾಕಪ್ ಕಾಪಿ ಇಡುವ ಆಯ್ಕೆ ಇದೆ, ಇವತ್ತೇ ಆನ್ ಮಾಡಿ.

ಒಂದೇ ಪುಸ್ತಕವನ್ನು ಒಬ್ಬರು ವರ್ಡ್‌ನಲ್ಲಿ, ಇನ್ನೊಬ್ಬರು ರೈಟರ್‌ನಲ್ಲಿ ತಿದ್ದುವುದು ಬೇಡ. ಬರಹ ಸರಿಯಾಗಿಯೇ ದಾಟುತ್ತದೆ, ಆದರೆ ಟೆಕ್ಸ್ಟ್ ಬಾಕ್ಸ್, ಚಿತ್ರದ ಜಾಗ, ಪುಟ ಮುರಿಯುವ ಕಡೆ ಇವೆಲ್ಲ ಪ್ರತಿ ಸಲ ಸ್ವಲ್ಪ ಸ್ವಲ್ಪ ಸರಿಯುತ್ತವೆ. ಒಂದನ್ನು ಆರಿಸಿ ಎಲ್ಲರೂ ಅದರಲ್ಲೇ ಇರಿ.

ಕೈಪಿಡಿಯ ಎರಡನೇ ಮುದ್ರಣ ಬಂದಾಗ ನಾನು ಪ್ರೋಗ್ರಾಂ ಬದಲಾಯಿಸಲಿಲ್ಲ. ಫೈಲನ್ನು ಬದಲಾಯಿಸಿದೆ. 18 ಸೈಜಿನ ದಪ್ಪ ಸಾಲುಗಳನ್ನೆಲ್ಲ ಫಾರ್ಮ್ಯಾಟ್ ಮೇಲೆ ಹುಡುಕಿ ಒಟ್ಟಿಗೆ ಸೆಲೆಕ್ಟ್ ಮಾಡಿ ಹೆಡಿಂಗ್ 1 ಮಾಡಿದ್ದು ಹತ್ತು ನಿಮಿಷದ ಕೆಲಸ. ಚಿತ್ರಗಳಿಗೆ ಅಡ್ಡದಾರಿ ಇರಲಿಲ್ಲ. ಒಂದೊಂದರ ಕೆಳಗೂ ಕೈಯಿಂದ ಹಾಕಿದ ನಂಬರ್ ಅಳಿಸಿ ಇನ್ಸರ್ಟ್ ಕ್ಯಾಪ್ಷನ್ ಕೊಟ್ಟೆ, ಆಮೇಲೆ ಪುಸ್ತಕವನ್ನು ಮೊದಲಿನಿಂದ ಓದುತ್ತಾ ಪ್ರತಿ "ಚಿತ್ರ ಇಷ್ಟು ನೋಡಿ" ಅನ್ನುವ ಕಡೆಯೂ ಕ್ರಾಸ್ ರೆಫರೆನ್ಸ್ ಹಾಕುತ್ತಾ ಹೋದೆ. ಎರಡು ದಿನ ಹಿಡಿಯಿತು. ಎರಡನೇ ದಿನ ಸಂಜೆ ವಾಲ್ವಿನ ಪುಟಕ್ಕೆ ಬಂದೆ. 64 ಅನ್ನು ಅಳಿಸಿ, ಪಟ್ಟಿಯಲ್ಲಿ ವಾಲ್ವಿನ ಚಿತ್ರವನ್ನು ಹುಡುಕಿ ಒತ್ತಿದೆ. 65 ಅಂತ ಬಂತು.